ಖಿನ್ನತೆಗೆ ಬಯೋಫೀಡ್‌ಬ್ಯಾಕ್: ಹೃದಯ ಬಡಿತದ್ದೋ, ಮೆದುಳಿನ ಅಲೆಗಳದ್ದೋ?

ಬಯೋಫೀಡ್‌ಬ್ಯಾಕ್ ಅಂದರೆ ದೇಹದ ಸಂಕೇತಗಳನ್ನು ಉಪಕರಣದಲ್ಲಿ ನೋಡುತ್ತಾ ಅವನ್ನು ಬದಲಿಸಲು ಕಲಿಯುವುದು. ಖಿನ್ನತೆಗೆ ಹೃದಯ ಬಡಿತದ್ದು, ಮೆದುಳಿನ ಅಲೆಗಳದ್ದು, ಈ ಎರಡರಲ್ಲಿ ಯಾವುದು ಅಂತ ಕೇಳಿದ್ದೀರಿ. ಮೊದಲೇ ಒಂದು ಮಾತು: ಎರಡನ್ನೂ ಔಷಧಿ, ಆಪ್ತಸಮಾಲೋಚನೆಯ ಜೊತೆಗೆ ಮಾಡಬೇಕು, ಅವನ್ನು ಬಿಟ್ಟಲ್ಲ. ಬದುಕೇ ಬೇಡ ಅನ್ನಿಸುತ್ತಿದ್ದರೆ ಇದೆಲ್ಲ ಬದಿಗಿಟ್ಟು ಇವತ್ತೇ ವೈದ್ಯರನ್ನು ನೋಡಿ, ದಯವಿಟ್ಟು.

ಕಲಿಯುವುದಕ್ಕೆ ಹೃದಯ ಬಡಿತದ್ದೇ ಸುಲಭ. ಎದೆಗೆ ಪಟ್ಟಿ ಅಥವಾ ಕಿವಿಗೆ ಕ್ಲಿಪ್ ಹಾಕಿಕೊಂಡು, ನಿಮಿಷಕ್ಕೆ ಸುಮಾರು 6 ಸಲ ನಿಧಾನವಾಗಿ ಉಸಿರಾಡುತ್ತಾ, ಉಸಿರಿನ ಜೊತೆ ಬಡಿತ ಏರಿಳಿಯುವುದನ್ನು ಪರದೆಯ ಮೇಲೆ ನೋಡುತ್ತೀರಿ. ಸರಿಯಾದ ವೇಗ ಒಬ್ಬೊಬ್ಬರಿಗೆ ಸ್ವಲ್ಪ ಬೇರೆ, ಅದನ್ನು ಹುಡುಕುವಾಗ ತರಬೇತುದಾರರು ಜೊತೆಗಿರಲಿ. ಆಮೇಲೆ ಮನೆಯಲ್ಲೇ ಮಾಡಬಹುದು. ಆದರೆ ಸಾಮಾನ್ಯವಾಗಿ ದಿನಾ 20 ನಿಮಿಷದಂತೆ ಎರಡು ಸಲ ಮಾಡಿ ಅಂತಾರೆ, ಹಾಸಿಗೆ ಬಿಟ್ಟು ಏಳುವುದೇ ಕಷ್ಟವಾದ ದಿನ ಅದು ಸಣ್ಣ ಮಾತಲ್ಲ, ಅಲ್ವಾ? ಅಂಥ ದಿನ 5 ನಿಮಿಷ ಮಾಡಿದರೂ ಸಾಕು ಅನ್ನುತ್ತೇನೆ ನಾನು.

ಮೆದುಳಿನ ಅಲೆಗಳದ್ದಕ್ಕೆ ನ್ಯೂರೋಫೀಡ್‌ಬ್ಯಾಕ್ ಅಂತಾರೆ, ಅದರಲ್ಲಿ ತಲೆಗೆ ಸೆನ್ಸರ್ ಅಂಟಿಸುತ್ತಾರೆ. ಹಣೆಯ ಹಿಂದೆ ಎಡಕ್ಕೂ ಬಲಕ್ಕೂ ಇರುವ ಆಲ್ಫಾ ಅಲೆಗಳ (ಮೆದುಳಿನ ಒಂದು ಬಗೆಯ ಅಲೆ) ವ್ಯತ್ಯಾಸವನ್ನು ಬದಲಿಸಲು ಕಲಿಯುವುದು ಒಂದು ವಿಧಾನ. ಸಾಮಾನ್ಯವಾಗಿ 20ರಿಂದ 40 ಸಲ ಹೋಗಬೇಕು, ಖರ್ಚೂ ಜಾಸ್ತಿ.

ಪುರಾವೆ? ಹೃದಯ ಬಡಿತದ ತರಬೇತಿಯ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಖಿನ್ನತೆಯ ಲಕ್ಷಣಗಳು ಮಧ್ಯಮ ಪ್ರಮಾಣದಲ್ಲಿ ತಗ್ಗಿದ್ದು ಕಂಡಿದೆ. ನ್ಯೂರೋದ ಅಧ್ಯಯನಗಳು ಬಹಳಷ್ಟು ಚಿಕ್ಕವು, ಫಲಿತಾಂಶವೂ ಒಂದೇ ಥರ ಇಲ್ಲ.

ಖಿನ್ನತೆಯ ಜೊತೆ ಆತಂಕವೂ ಇದ್ದು, ಹಣ ಕಡಿಮೆ ಇದ್ದರೆ ಹೃದಯ ಬಡಿತದ್ದನ್ನು ಹಿಡಿಯಿರಿ. ಬಡಿತ ತಪ್ಪುವ ಕಾಯಿಲೆ ಇದ್ದರೆ, ಪೇಸ್‌ಮೇಕರ್ ಇದ್ದರೆ ಅಳತೆಯೇ ಸರಿ ಬರುವುದಿಲ್ಲ. ಉಸಿರಿನ ಮೇಲೆ ಗಮನ ಇಟ್ಟರೇ ಗಾಬರಿಯಾಗುವವರು, ಒಬ್ಬರೇ ಅಭ್ಯಾಸ ಮಾಡಲು ಆಗದವರು ನ್ಯೂರೋ ಬಗ್ಗೆ ವೈದ್ಯರನ್ನು ಕೇಳಬಹುದು.