ಇಂಟರ್ನ್‌ಶಿಪ್ ಸಂಬಳದಲ್ಲಿ ಫೈಕಾ ಕಡಿತ ಆಗುತ್ತಿದೆಯಾ? ಪೇ ಸ್ಟಬ್ ಒಮ್ಮೆ ತೆಗೆದು ನೋಡಿ

ಅಮೆರಿಕದಲ್ಲಿ ಎಂಎಸ್ ಮಾಡುತ್ತಿರುವವರು, ಈ ವರ್ಷ ಹೊರಡಲು ಸೂಟ್‌ಕೇಸ್ ಕಟ್ಟುತ್ತಿರುವವರು ಇದನ್ನು ಓದಿ. ಎಫ್-1 ಅಂದರೆ ವಿದ್ಯಾರ್ಥಿ ವೀಸಾ ಮೇಲೆ ಇರುವವರ ಸಂಬಳದಿಂದ ಹೋಗಬಾರದ ಹಣವೊಂದಿದೆ, ಅದೇ ಫೈಕಾ ಎನ್ನುವ ತೆರಿಗೆ. ನನ್ನ ಸಂಬಳದಿಂದ ಅದು ಹೋಯಿತು. ವಾಪಸ್ ಪಡೆಯಲು ಪಟ್ಟ ಪಾಡು ಇಲ್ಲಿದೆ.

ಮೊದಲ ವರ್ಷ ಮುಗಿದ ಮೇಲೆ ಬೇಸಿಗೆಗೆ ಸಿಪಿಟಿ (ಓದುತ್ತಿರುವಾಗಲೇ ಕೋರ್ಸಿಗೆ ಸಂಬಂಧಿಸಿದ ಕೆಲಸ ಮಾಡಲು ಸಿಗುವ ಅನುಮತಿ) ತಗೊಂಡು ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಸೇರಿದೆ. ಗಂಟೆಗೆ 20 ಡಾಲರ್, ವಾರಕ್ಕೆ 40 ಗಂಟೆ. ಮೊದಲ ಪೇ ಸ್ಟಬ್‌ನಲ್ಲೇ (ಸಂಬಳದ ಚೀಟಿ) ಎರಡು ಸಾಲು ಕಣ್ಣಿಗೆ ಬಿದ್ದವು. ಸೋಷಿಯಲ್ ಸೆಕ್ಯುರಿಟಿ (ಪಿಂಚಣಿಗೆ) 6.2%, ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆಗೆ) 1.45%. ಎರಡೂ ಸೇರಿ 7.65%. ಫೈಕಾ ಅಂದರೆ ಇದೇ. ಅದಕ್ಕೂ ಮುಂಚೆ ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಾಗ ಈ ಸಾಲುಗಳು ಇರಲಿಲ್ಲ. ಹಾಗಾಗಿ ತಕ್ಷಣ ಗೊತ್ತಾಯಿತು. ಮೊದಲ ಕೆಲಸವೇ ಹೊರಗಿನದಾದರೆ, ಎಲ್ಲರಿಗೂ ಹೀಗೇ ಇರಬೇಕು ಅಂದುಕೊಂಡು ಸುಮ್ಮನಾಗುವವರೇ ಜಾಸ್ತಿ.

ನಿಯಮ ಹೀಗಿದೆ. ಎಫ್-1 ವಿದ್ಯಾರ್ಥಿ ತೆರಿಗೆ ಲೆಕ್ಕದಲ್ಲಿ ನಾನ್ ರೆಸಿಡೆಂಟ್ (ಅಲ್ಲಿನ ನಿವಾಸಿ ಅಲ್ಲದವರು) ಆಗಿರುವವರೆಗೆ, ವೀಸಾ ನಿಯಮದ ಪ್ರಕಾರ ಅನುಮತಿ ಇರುವ ಕೆಲಸಕ್ಕೆ ಫೈಕಾ ಇಲ್ಲ. ಕ್ಯಾಂಪಸ್ ಕೆಲಸ, ಸಿಪಿಟಿ, ಓಪಿಟಿ (ಸಾಮಾನ್ಯವಾಗಿ ಓದು ಮುಗಿದ ಮೇಲೆ ಸಿಗುವ ಕೆಲಸದ ಅನುಮತಿ) ಎಲ್ಲವೂ ಇದರಲ್ಲಿ ಬರುತ್ತವೆ. ಸಾಮಾನ್ಯವಾಗಿ ಇದು ಮೊದಲ 5 ಕ್ಯಾಲೆಂಡರ್ ವರ್ಷಗಳಿಗೆ. ನೀವು ಡಿಸೆಂಬರ್ ಕೊನೆಯಲ್ಲಿ ಬಂದಿಳಿದರೂ ಆ ವರ್ಷ ಪೂರ್ತಿ ಒಂದು ಅಂತಲೇ ಲೆಕ್ಕ. ಓದು ಉದ್ದವಾಗುವ ಪಿಎಚ್‌ಡಿಯವರು ಇದನ್ನು ನೆನಪಿಡಿ. ಫೆಡರಲ್ ಮತ್ತು ಸ್ಟೇಟ್ ಇನ್‌ಕಮ್ ಟ್ಯಾಕ್ಸ್ ಕಡಿತ ಬೇರೆ ವಿಷಯ, ಅದರಲ್ಲಿ ತಪ್ಪಿಲ್ಲ.

ಎಚ್‌ಆರ್‌ಗೆ ಮೇಲ್ ಹಾಕಿದೆ. "ಅಮೆರಿಕದಲ್ಲಿ ದುಡಿಯುವವರೆಲ್ಲ ಇದನ್ನು ಕಟ್ಟಲೇಬೇಕು" ಅಂತ ಒಂದೇ ಸಾಲಿನ ಉತ್ತರ. ಪಾಸ್ ತೋರಿಸಿದರೂ ಕಂಡಕ್ಟರ್ ಟಿಕೆಟ್ ಹರಿದು ಕೈಗಿಟ್ಟ ಹಾಗಾಯಿತು. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಪಬ್ಲಿಕೇಶನ್ 519ರಲ್ಲಿ ಈ ವಿನಾಯಿತಿ ಸ್ಪಷ್ಟವಾಗಿದೆ, ಅದನ್ನೂ ಕಳಿಸಿದೆ. ಉದ್ಯೋಗಿಯ ಸಂಬಳದಿಂದ ಎಷ್ಟು ಹೋಗುತ್ತದೋ ಅಷ್ಟನ್ನೇ ಕಂಪನಿಯೂ ತನ್ನ ಜೇಬಿನಿಂದ ಕಟ್ಟುತ್ತದೆ. ತಪ್ಪು ಸರಿಪಡಿಸಿದರೆ ಅವರ ಪಾಲೂ ವಾಪಸ್ ಬರುತ್ತದೆ ಅಂತ ಬಿಡಿಸಿ ಹೇಳಿದೆ. ಅಕೌಂಟೆಂಟ್ ಫೀಸ್ ಅದಕ್ಕಿಂತ ಜಾಸ್ತಿ ಆಗುತ್ತದಂತೆ! ಕೊನೆಗೆ ಮ್ಯಾನೇಜರ್ ಬಂದು, "ವೀಸಾ ಮೇಲೆ ಇದ್ದೀಯ, ಇದನ್ನೆಲ್ಲ ಯಾಕೆ ಎಳೆದಾಡ್ತೀಯ" ಅಂದರು. ನಗುತ್ತಲೇ ಹೇಳಿದರು. ಆದರೆ ಆ ಮಾತಿನ ಅರ್ಥ ಯಾರಿಗೆ ಆಗಲ್ಲ?

ಬೇಸಿಗೆ ಮುಗಿಯುವಷ್ಟರಲ್ಲಿ 9,600 ಡಾಲರ್ ಸಂಬಳಕ್ಕೆ 734 ಡಾಲರ್ ಹೋಗಿತ್ತು. ಊರಿನ ಲೆಕ್ಕದಲ್ಲಿ 60,000 ರೂಪಾಯಿಗೂ ಮೇಲೆ. ಇದರಿಂದ ಮುಂದೆ ಪಿಂಚಣಿ ಬರುತ್ತದಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಅದಕ್ಕೆ 40 ಕ್ರೆಡಿಟ್ ಬೇಕು, ಅಂದರೆ ಸುಮಾರು 10 ವರ್ಷದ ದುಡಿಮೆ.

ಕಂಪನಿ ಕೊಡದಿದ್ದರೆ ನೇರವಾಗಿ ಐಆರ್‌ಎಸ್‌ನಿಂದ ಕೇಳಬಹುದು. ಫಾರಂ 843 ತುಂಬಬೇಕು. ಹಣ ವಾಪಸ್ ಕೊಟ್ಟಿಲ್ಲ ಅಂತ ಕಂಪನಿಯೇ ಒಂದು ಪತ್ರ ಕೊಟ್ಟರೆ ಒಳ್ಳೆಯದು. ನಮ್ಮವರು ಅದನ್ನೂ ಕೊಡಲಿಲ್ಲ. ಅಂಥ ಹೊತ್ತಿಗೆ ಫಾರಂ 8316 ಇದೆ, ಯಾಕೆ ಪತ್ರ ಸಿಗಲಿಲ್ಲ ಅಂತ ಅದರಲ್ಲಿ ನೀವೇ ಬರೆಯಬೇಕು. ಜೊತೆಗೆ ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳ, ಕಡಿತಗಳ ಪಟ್ಟಿ), ವೀಸಾ ಪುಟ, ಐ-94 (ದೇಶದೊಳಗೆ ಬಂದ ದಾಖಲೆ), ಸಿಪಿಟಿ ಅನುಮತಿ ಇರುವ ಐ-20 (ಯೂನಿವರ್ಸಿಟಿ ಕೊಡುವ ವಿದ್ಯಾರ್ಥಿ ದಾಖಲೆ), ಇವುಗಳ ಪ್ರತಿ. ಓಪಿಟಿಯವರು ಇಎಡಿ (ಕೆಲಸದ ಅನುಮತಿ) ಕಾರ್ಡ್ ಪ್ರತಿಯನ್ನೂ ಸೇರಿಸಿ. ಇದನ್ನು ಟ್ಯಾಕ್ಸ್ ರಿಟರ್ನ್ ಜೊತೆ ಪಿನ್ ಮಾಡಬೇಡಿ, ಬೇರೆಯಾಗಿ ಅಂಚೆಯಲ್ಲಿ ಕಳಿಸಬೇಕು. ಟ್ರ್ಯಾಕಿಂಗ್ ಇರುವ ಅಂಚೆಯೇ ಇರಲಿ. ಆಮೇಲೆ ತಿಂಗಳುಗಟ್ಟಲೆ ಸುದ್ದಿಯೇ ಇರುವುದಿಲ್ಲ. ನನ್ನ ಚೆಕ್ ಬಂದದ್ದು ನಾನು ಆಸೆ ಬಿಟ್ಟ ಮೇಲೆ. ಹಳೆಯ ಕಡಿತಕ್ಕೂ ಕೇಳಬಹುದು, ಸಾಮಾನ್ಯವಾಗಿ ಮುಂದಿನ ವರ್ಷದ ಏಪ್ರಿಲ್ 15ರಿಂದ 3 ವರ್ಷದೊಳಗೆ.

ಅದೇ ಕಂಪನಿಯ ಇನ್ನೊಂದು ಆಟ: ಮೊದಲ ವಾರ "ಟ್ರೇನಿಂಗ್", ಸಂಬಳ ಇಲ್ಲ. ಕಡ್ಡಾಯವಾಗಿ ಬರಬೇಕು, ಬೆಳಗ್ಗೆಯಿಂದ ಸಂಜೆವರೆಗೆ ಕೂರಬೇಕು, ಕಲಿಯುವುದು ಅವರದೇ ಕೆಲಸ. ಅಂಥ ಟ್ರೇನಿಂಗ್ ಕೂಡ ಕೆಲಸದ ಗಂಟೆಯೇ. ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಬದಲಾಗಿಲ್ಲ. ಎಷ್ಟೋ ರಾಜ್ಯಗಳಲ್ಲಿ ಅದಕ್ಕಿಂತ ಜಾಸ್ತಿ ಇದೆ. ಸೊನ್ನೆ ಅಂತೂ ಎಲ್ಲೂ ನಡೆಯಲ್ಲ ಅಲ್ವಾ. ಲೇಬರ್ ಡಿಪಾರ್ಟ್‌ಮೆಂಟಿನ ವೇಜ್ ಅಂಡ್ ಅವರ್ ವಿಭಾಗಕ್ಕೆ ದೂರು ಕೊಡುತ್ತೇನೆ ಅಂತ ಮೇಲ್‌ನಲ್ಲೇ ಬರೆದೆ. ಮುಂದಿನ ಸಂಬಳದ ಜೊತೆ ಆ ವಾರದ ಹಣವೂ ಬಂತು. ಆ ವಿಭಾಗದ ನಂಬರ್ 1-866-487-9243. ದೂರು ಕೊಟ್ಟವರ ಹೆಸರನ್ನು ಗುಟ್ಟಾಗಿ ಇಡುತ್ತಾರೆ. ದೂರು ಕೊಟ್ಟದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ಬಾಯಿಮಾತಲ್ಲಿ ಜಗಳ ಮಾಡಬೇಡಿ, ಎಲ್ಲವೂ ಬರಹದಲ್ಲಿರಲಿ. ದುಡಿದ ಗಂಟೆಗಳನ್ನು ನೀವೇ ಒಂದು ಕಡೆ ಬರೆದಿಡಿ.

ಇನ್ನು ಫೆಬ್ರವರಿ ಬಂದರೆ ಸಾಕು, "ದೊಡ್ಡ ರಿಫಂಡ್ ಕೊಡಿಸ್ತೀನಿ" ಅನ್ನುವವರು ಹುಟ್ಟಿಕೊಳ್ಳುತ್ತಾರೆ. ನನ್ನ ರೂಮ್‌ಮೇಟ್ ಅಂಥ ಒಬ್ಬರ ಹತ್ತಿರ ಹೋದ. ಅವರು ನಾನ್ ರೆಸಿಡೆಂಟ್‌ಗಳ ರಿಟರ್ನ್ ಫಾರಂ ಆದ 1040-ಎನ್‌ಆರ್ ಬದಲು ರೆಸಿಡೆಂಟ್‌ಗಳ 1040 ತುಂಬಿ, ಕಾಲೇಜು ಫೀಸಿಗೆ ಸಿಗುವ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಹಾಕಿದರು. ನಾನ್ ರೆಸಿಡೆಂಟ್‌ಗೆ ಅದು ಇಲ್ಲ. ಆಮೇಲೆ 1040-ಎಕ್ಸ್ (ತಿದ್ದುಪಡಿ ರಿಟರ್ನ್) ಹಾಕಿ, ಬಂದ ಹಣವನ್ನು ಬಡ್ಡಿ ಸಮೇತ ಕಟ್ಟಬೇಕಾಯಿತು. ರಿಟರ್ನ್ ಮೇಲೆ ಸಹಿ ಅವನದು, ಫೀಸ್ ತಗೊಂಡವರು ಫೋನ್ ಎತ್ತಲಿಲ್ಲ.

ಇಷ್ಟೆಲ್ಲ ಕಳ್ಳದಾರಿ ನಮಗೆ ಬೇಕಾಗಿಯೇ ಇಲ್ಲ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕುವ ಮುಂಚೆ ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಸಿಗುತ್ತದೆ. ಬೇರೆ ದೇಶಗಳ ಬಹುತೇಕ ನಾನ್ ರೆಸಿಡೆಂಟ್ ವಿದ್ಯಾರ್ಥಿಗಳಿಗೆ ಇದು ಇಲ್ಲ. 2024ಕ್ಕೆ ಅದು 14,600 ಡಾಲರ್. ಲೈಬ್ರರಿ, ಇಂಟರ್ನ್‌ಶಿಪ್ ಎರಡೂ ಸೇರಿ ಅಷ್ಟರೊಳಗಿದ್ದರೆ ಕಡಿತವಾದ ಫೆಡರಲ್ ಟ್ಯಾಕ್ಸ್ ಪೂರ್ತಿ ನ್ಯಾಯವಾಗಿಯೇ ವಾಪಸ್. ಒಂದು ಡಾಲರ್ ಕೂಡ ದುಡಿಯದವರೂ ಅಮೆರಿಕದಲ್ಲಿ ಇದ್ದ ದಿನಗಳ ವಿವರ ಕೊಡುವ ಫಾರಂ 8843 ಕಳಿಸಲೇಬೇಕು, ಅದನ್ನು ಮರೆಯುವವರು ತುಂಬಾ ಜನ. ಅನೇಕ ಯೂನಿವರ್ಸಿಟಿಗಳು ಸ್ಪ್ರಿಂಟ್ಯಾಕ್ಸ್‌ನಂಥ ನಾನ್ ರೆಸಿಡೆಂಟ್ ಸಾಫ್ಟ್‌ವೇರ್‌ಗೆ ಕೋಡ್ ಕೊಡುತ್ತವೆ, ಕೇಳಿ ನೋಡಿ.

ಹೋಟೆಲ್‌ನಲ್ಲಿ ಕ್ಯಾಶ್‌ಗೆ ಪಾತ್ರೆ ತೊಳೆಯುವ ಕೆಲಸ ಕೇಳುವವರಿಗೆ ನನ್ನ ಉತ್ತರ ಒಂದೇ: ಬೇಡ. ಅನುಮತಿ ಇಲ್ಲದ ಕೆಲಸಕ್ಕೆ ವೀಸಾ ಸ್ಟೇಟಸ್ಸೇ ಹೋಗುತ್ತದೆ.

ಓಪಿಟಿಯಿಂದ ಅಕ್ಟೋಬರ್ 1ಕ್ಕೆ ಎಚ್-1ಬಿ ಕೆಲಸದ ವೀಸಾಗೆ ಬದಲಾಗುವವರು ಗಮನಿಸಿ. ಅಲ್ಲಿಂದ ಮುಂದೆ ಫೈಕಾ ಕಡಿತ ಸರಿಯೇ, ಎಚ್‌ಆರ್ ಜೊತೆ ಜಗಳಕ್ಕೆ ಹೋಗಬೇಡಿ. ಸೆಪ್ಟೆಂಬರ್‌ವರೆಗಿನ ಸ್ಟಬ್‌ಗಳನ್ನು ಮಾತ್ರ ಒಂದೊಂದಾಗಿ ನೋಡಿ.