ಸೆವರೆನ್ಸ್ ಅಗ್ರಿಮೆಂಟ್‌ಗೆ ಅದೇ ದಿನ ಸಹಿ ಹಾಕಿಸಬೇಡಿ

ಅಮೆರಿಕದಲ್ಲಿ ಸಣ್ಣ ಕಂಪನಿ ನಡೆಸುವವರು, ಎಚ್‌ಆರ್ ಕೆಲಸ ನೋಡಿಕೊಳ್ಳುವವರು ದಯವಿಟ್ಟು ಇದನ್ನು ಓದಿ. ನಾನು ಹಿಂದೆ ಇದ್ದ ಕಂಪನಿಯಲ್ಲಿ ಐವತ್ತು ದಾಟಿದ ಅಕೌಂಟೆಂಟ್ ಒಬ್ಬರನ್ನು ಕೆಲಸದಿಂದ ತೆಗೆದರು. ಮೂರು ಪುಟದ ಸೆವರೆನ್ಸ್ ಅಗ್ರಿಮೆಂಟ್ (ಕೆಲಸ ಬಿಡುವಾಗ ಹಣ ಪಡೆದು, ಕಂಪನಿಯ ಮೇಲೆ ಕ್ಲೇಮ್ ಮಾಡುವ ಹಕ್ಕು ಬಿಟ್ಟುಕೊಡುವ ಒಪ್ಪಂದ) ಕೈಗಿಟ್ಟು, ಸಂಜೆ ಐದರೊಳಗೆ ಸಹಿ ಹಾಕಿದರೆ ಮಾತ್ರ ಹಣ ಅಂದರು. ಪಾಪ, ಅವರು ಹಾಕಿದರು. ಹಣವೂ ಬಂತು. ಆಮೇಲೆ, ವಯಸ್ಸಾಯಿತೆಂದೇ ತೆಗೆದಿದ್ದಾರೆ ಅಂತ ದೂರು ಕೊಟ್ಟರು. ‘ಯಾವ ಕ್ಲೇಮೂ ಮಾಡುವುದಿಲ್ಲ ಅಂತ ಬರೆದುಕೊಟ್ಟಿದ್ದಾರಲ್ಲ’ ಅಂತ ಮ್ಯಾನೇಜ್‌ಮೆಂಟ್ ಧೈರ್ಯವಾಗಿತ್ತು. ಲಾಯರ್ ಓದಿ ನೋಡಿ, ವಯಸ್ಸಿನ ಕ್ಲೇಮ್‌ಗೆ ಈ ಕಾಗದ ಅಡ್ಡ ಬರುವುದಿಲ್ಲ ಅಂದುಬಿಟ್ಟರು.

ಆ ಫೈಲ್ ನನ್ನ ಮೇಜಿಗೆ ಬಂದಾಗ ಸಾಲು ಸಾಲಾಗಿ ಓದಿದೆ. ಎರಡನೇ ಪುಟದಲ್ಲಿ ಬೇರೆ ಯಾರದೋ ಹೆಸರು! ಹಳೇ ಟೆಂಪ್ಲೇಟ್‌ನಲ್ಲಿ ಇದ್ದದ್ದು ಹಾಗೇ ಉಳಿದಿತ್ತು. ಅದಕ್ಕಿಂತ ಬೇಜಾರಾಗಿದ್ದು ಹಣದ ಲೆಕ್ಕ. ‘ಸೆವರೆನ್ಸ್’ ಅಂತ ಬರೆದಿದ್ದರಲ್ಲಿ ಕೊನೇ ಸಂಬಳವಿತ್ತು, ಬಳಸದೆ ಉಳಿದ ರಜೆಯ ಹಣವಿತ್ತು. ಎರಡೂ ಕಂಪನಿಯ ನಿಯಮದಂತೆ ಅವರಿಗೆ ಹೇಗೂ ಬರಬೇಕಿದ್ದವು. ಅವರದೇ ಹಣ ಅವರಿಗೆ ಕೊಟ್ಟು ಹಕ್ಕು ಬಿಡಿಸಿಕೊಳ್ಳುವುದು ಯಾವ ನ್ಯಾಯ? ಕಾನೂನೂ ಒಪ್ಪುವುದಿಲ್ಲ. ಬಾಕಿಯ ಮೇಲೆ ಹೆಚ್ಚಾಗಿ ಏನಾದರೂ ಕೊಟ್ಟರೆ ಮಾತ್ರ ರಿಲೀಸ್‌ಗೆ, ಅಂದರೆ ಹಕ್ಕು ಬಿಟ್ಟೆ ಅಂತ ಬರೆದುಕೊಟ್ಟದ್ದಕ್ಕೆ, ಬೆಲೆ.

ನಲವತ್ತು ಅಥವಾ ಅದಕ್ಕಿಂತ ಜಾಸ್ತಿ ವಯಸ್ಸಿನವರಿದ್ದರೆ 1990ರ ಫೆಡರಲ್ ಕಾನೂನು ಇನ್ನೂ ಬಿಗಿ. ಯೋಚಿಸಲು 21 ದಿನ ಕೊಡಬೇಕು. ಹಲವರನ್ನು ಒಟ್ಟಿಗೆ ತೆಗೆಯುತ್ತಿದ್ದರೆ 45 ದಿನ. ಆಗ ಯಾರನ್ನು ತೆಗೆದರು, ಯಾರನ್ನು ಉಳಿಸಿಕೊಂಡರು ಅನ್ನುವುದನ್ನು ಹುದ್ದೆ, ವಯಸ್ಸಿನ ಸಮೇತ ಪಟ್ಟಿ ಮಾಡಿ ಕೊಡಬೇಕು. 21 ದಿನ ಮುಗಿಯುವ ಮೊದಲೇ ಅವರಾಗಿಯೇ ಸಹಿ ಹಾಕಿದರೆ ತಪ್ಪಿಲ್ಲ, ಒತ್ತಾಯ ಮಾಡುವ ಹಾಗಿಲ್ಲ ಅಷ್ಟೆ. ಸಹಿಯಾದ ಮೇಲೂ 7 ದಿನ ಮನಸ್ಸು ಬದಲಿಸುವ ಹಕ್ಕು ಅವರಿಗಿದೆ. ಈ ಏಳು ದಿನವನ್ನು ಇಬ್ಬರೂ ಒಪ್ಪಿದರೂ ಕಡಿಮೆ ಮಾಡುವಂತಿಲ್ಲ. ಲಾಯರ್ ಹತ್ತಿರ ಕೇಳಿಕೊಳ್ಳಿ ಅಂತ ಬರಹದಲ್ಲೇ ಹೇಳಿರಬೇಕು. ವಯಸ್ಸಿನ ತಾರತಮ್ಯದ ಕಾಯ್ದೆಯ ಹೆಸರನ್ನೂ ಹಾಕಿರಬೇಕು. ‘ಎಲ್ಲಾ ಕ್ಲೇಮ್‌ಗಳು’ ಅಂದರೆ ಸಾಲದು. ನಮ್ಮ ಕಾಗದದಲ್ಲಿ ಇದ್ಯಾವುದೂ ಇರಲಿಲ್ಲ.

ಹಣ ವಾಪಸ್ ಕೊಟ್ಟು ಕೇಸ್ ಹಾಕಲಿ ಅಂತ ನಮ್ಮಲ್ಲಿ ಒಬ್ಬರು ವಾದಿಸಿದರು. ಅದೂ ನಡೆಯುವುದಿಲ್ಲ. 1998ರಲ್ಲಿ ಊಬ್ರೇ ಎಂಬ ಮಹಿಳೆ ಎಂಟರ್ಜಿ ಕಂಪನಿಯ ಮೇಲೆ ಹಾಕಿದ್ದ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಆಕೆಗೆ ಯೋಚಿಸಲು ಕೊಟ್ಟಿದ್ದು 14 ದಿನ. ಸಹಿ ವಾಪಸ್ ಪಡೆಯುವ ಅವಕಾಶ ಕೊಟ್ಟಿರಲಿಲ್ಲ. ಕಂತಿನಲ್ಲಿ ಬಂದ 6,258 ಡಾಲರ್ ಹಿಂತಿರುಗಿಸದೆಯೂ ಆಕೆ ವಯಸ್ಸಿನ ಕೇಸ್ ಮುಂದುವರಿಸಬಹುದು ಅಂತ ತೀರ್ಪಾಯಿತು. ನಮಗೂ ಅದೇ ಗತಿ. ಕೊಟ್ಟ ಹಣ ಹೋಯಿತು, ಲಾಯರ್ ಫೀಸ್ ಬೇರೆ. ಕೊನೆಗೆ ಅವರ ಜೊತೆ ಮತ್ತೆ ಕೂತು ರಾಜಿ ಮಾಡಿಕೊಳ್ಳಬೇಕಾಯಿತು. ವರ್ಷಾನುಗಟ್ಟಲೆ ದುಡಿದ ಮನುಷ್ಯನನ್ನು ಒಂದು ಸಂಜೆಯಲ್ಲಿ ಮುಗಿಸಿ ಕಳಿಸಲು ಹೊರಟಿದ್ದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಇನ್ನೊಂದು ಮಾತು. ತಾರತಮ್ಯದ ದೂರು ಕೇಳುವ ಫೆಡರಲ್ ಆಯೋಗಕ್ಕೆ ಹೋಗುವಂತಿಲ್ಲ ಅಂತ ಅಗ್ರಿಮೆಂಟ್‌ನಲ್ಲಿ ಬರೆಯಬೇಡಿ. ಆ ಹಕ್ಕನ್ನು ಬಿಟ್ಟುಕೊಟ್ಟಂತೆ ಯಾರೂ ಬರೆಸಿಕೊಳ್ಳಲಾಗದು. ಸಹಿಯನ್ನೂ ಕೆಲಸದ ಕೊನೇ ದಿನ ಮುಗಿದ ಮೇಲೆಯೇ ತೆಗೆದುಕೊಳ್ಳಿ. ಮೊದಲೇ ಹಾಕಿಸಿದರೆ, ಆಮೇಲೆ ನಡೆದದ್ದಕ್ಕೆ ಆ ರಿಲೀಸ್ ಅನ್ವಯಿಸುವುದಿಲ್ಲ. ರಾಜ್ಯದ ಕಾನೂನು ಬೇರೆಯೇ ಇರುತ್ತದೆ, ಹಾಗಾಗಿ ಕಾಗದ ಕೊಡುವ ಮೊದಲು ಅಲ್ಲಿಯ ಲಾಯರ್‌ಗೆ ಒಮ್ಮೆ ತೋರಿಸಿ.