ಹುಲ್ಲಿಗೂ ತರಗೆಲೆಗೂ ಒಂದೇ ಲಾನ್‌ಮೋವರ್: ಕೆಲವು ಮಳೆಗಾಲ ದುಡಿಸಿದ ಮೇಲೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಅಂಗಳದಾಚೆ ಸಮತಟ್ಟು ಜಾಗ, ಸುತ್ತ ಹಲಸು, ಗೇರು, ನಾಲ್ಕಾರು ಸಾಗುವಾನಿ. ಹುಲ್ಲು ಹೆರೆಯಲು ಜನ ಸಿಗದೆ ತಳ್ಳಿಕೊಂಡು ಹೋಗುವ ಪೆಟ್ರೋಲ್ ಲಾನ್‌ಮೋವರ್ ತಂದೆವು. ನನ್ನ ಲೆಕ್ಕದಲ್ಲಿ ಹುಲ್ಲಿಗಿಂತ ತರಗೆಲೆಯಲ್ಲೇ ಇದರಿಂದ ಲಾಭ ಜಾಸ್ತಿ.

ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆಯುವಷ್ಟರಲ್ಲಿ ಹುಲ್ಲು ಮೊಣಕಾಲಿಗೆ ಬಂದಿರುತ್ತದೆ, ನಡುವೆ ನಾಚಿಕೆ ಮುಳ್ಳು ಬೇರೆ. ಒಂದೇ ಸಲ ಬುಡಕ್ಕೆ ಕತ್ತರಿಸಹೋದರೆ ಇಂಜಿನ್ ನಿಂತುಬಿಡುತ್ತದೆ. ಕತ್ತರಿಸುವ ಎತ್ತರದ ಲಿವರನ್ನು ಅತಿ ಮೇಲಕ್ಕೆ ಇಟ್ಟು, ಬ್ಲೇಡಿನ ಅರ್ಧ ಅಗಲಕ್ಕೆ ಮಾತ್ರ ಹುಲ್ಲು ಸಿಗುವಂತೆ ನಿಧಾನ ತಳ್ಳಬೇಕು. ಕೆಲವು ದಿನ ಬಿಟ್ಟು, ಇಳಿಸಿ, ಇನ್ನೊಂದು ಸುತ್ತು. ಸೊಂಟದೆತ್ತರ ಬೆಳೆದಿದ್ದರೆ ಮೊದಲು ಬ್ರಷ್ ಕಟ್ಟರೇ ಬೇಕು.

ಧನು ತಿಂಗಳು ಬಂತೆಂದರೆ ತರಗೆಲೆ. ಕತ್ತರಿಸಿದ್ದು ಹೊರಬೀಳುವ ಬಾಯಿಗೆ ಮಲ್ಚಿಂಗ್ ಪ್ಲಗ್ ಎಂಬ ಮುಚ್ಚಳ ಸಿಕ್ಕಿಸಿದರೆ ಎಲೆ ಹೊರಗೆ ಹಾರುವುದಿಲ್ಲ, ಬ್ಲೇಡಿನ ಅಡಿಯಲ್ಲೇ ಸುತ್ತಿ ಸುತ್ತಿ ಪುಡಿಯಾಗುತ್ತದೆ. ಬೆಳಗ್ಗಿನ ಮಂಜು ಆರಿದ ಮೇಲೆಯೇ ಶುರು ಮಾಡಿ. ಒದ್ದೆ ಎಲೆ ಡೆಕ್ಕಿನ (ಬ್ಲೇಡಿನ ಮೇಲಿನ ಕವಚದ) ಅಡಿಗೆ ದೋಸೆ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಒಣಗಿದ ಹಲಸಿನ ಎಲೆ ಚರಚರ ಅಂತ ಒಂದೇ ಸಲಕ್ಕೆ ಚೂರಾಗುತ್ತದೆ. ಸಾಗುವಾನಿ ಎಲೆಯ ನರ ಗಟ್ಟಿ, ಅಡ್ಡಡ್ಡ ಇನ್ನೊಮ್ಮೆ ಓಡಿಸಬೇಕು. ಹುಲ್ಲಿನ ಮೇಲೆ ತೆಳ್ಳಗೆ ಉಳಿದದ್ದನ್ನು ಹಾಗೇ ಬಿಡುತ್ತೇವೆ, ದಪ್ಪ ಬಿದ್ದದ್ದು ತೆಂಗಿನ ಬುಡಕ್ಕೆ. ಇಡೀ ಎಲೆ ಹಾಕಿದರೆ ಗಾಳಿಗೆ ಹಾರುತ್ತದೆ, ಪುಡಿ ಹಾಕಿದಲ್ಲೇ ಕೂರುತ್ತದೆ. ಮಾರ್ಚಿನಲ್ಲೂ ಅದನ್ನು ಸರಿಸಿ ನೋಡಿದರೆ ಅಡಿಯ ಮಣ್ಣು ತಂಪಾಗಿರುತ್ತದೆ. ಎಲೆ ಗುಡಿಸಿ ಬೆಂಕಿ ಹಾಕುವುದು ನಮ್ಮಲ್ಲಿ ನಿಂತೇಹೋಯಿತು. ನನಗೆ ಇದೇ ದೊಡ್ಡ ಸಮಾಧಾನ, ಮನೆಯಲ್ಲಿ ದಮ್ಮಿನವರಿದ್ದಾರೆ.

ತೊಂದರೆ ಇಲ್ಲ ಅಂತಲ್ಲ. ನಮ್ಮ ನೆಲದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಚೂರು ತಾಗಿ ಬ್ಲೇಡಿನ ಬಾಯಿ ಆಗಾಗ ಮೊಂಡಾಗುತ್ತದೆ. ಸಾಣೆ ಹಿಡಿಯುವಾಗ ಎರಡೂ ತುದಿಯ ತೂಕ ಸಮ ಇರಲಿ, ಇಲ್ಲದಿದ್ದರೆ ಹ್ಯಾಂಡಲ್ ಗಡಗಡ ನಡುಗುತ್ತದೆ. ಅಡಿಗೆ ಕೈ ಹಾಕುವ ಮೊದಲು ಸ್ಪಾರ್ಕ್ ಪ್ಲಗ್ಗಿನ ವಯರ್ ತೆಗೆದೇ ತೆಗೆಯಿರಿ. ಎಲೆಯ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಈಗಿನ ಪೆಟ್ರೋಲಿನಲ್ಲಿ ತೇವ ಹೀರುವ ಎಥನಾಲ್ ಇರುವುದರಿಂದ, ಜೋರು ಮಳೆಯ ತಿಂಗಳುಗಳಲ್ಲಿ ಮೂಲೆಗಿಡುವಾಗ ಟ್ಯಾಂಕು, ಕಾರ್ಬ್ಯುರೇಟರ್ ಎರಡನ್ನೂ ಖಾಲಿ ಮಾಡುತ್ತೇವೆ. ಬಿಡಿಭಾಗಕ್ಕೆ ಮಂಗಳೂರಿಗೇ ಹೋಗಬೇಕಾಯಿತು.

ಇಳಿಜಾರಿನ ತೋಟಕ್ಕೆ ಇದು ಬೇಡ. ಮನೆ ಸುತ್ತ ಸಮತಟ್ಟು ಜಾಗವೂ ಮರಗಳೂ ಇದ್ದವರು ಧಾರಾಳವಾಗಿ ಕೊಳ್ಳಿ. ಮಲ್ಚಿಂಗ್ ಪ್ಲಗ್ ಜತೆಗೇ ಬರುತ್ತದಾ ಅಂತ ಮೊದಲೇ ಕೇಳಿಕೊಳ್ಳಿ, ಕೆಲವು ಮಾಡೆಲಿಗೆ ಅದಕ್ಕೆ ಬೇರೆ ದುಡ್ಡು.